ಫಿಲಡೆಲ್ಫಿಯಾ 1787: ತಿದ್ದಲು ಸೇರಿದವರು ಹೊಸ ಸಂವಿಧಾನವನ್ನೇ ಬರೆದದ್ದು ದಕ್ಕಿದ್ದು ಹೇಗೆ?

ತುಂಗಾತೀರ

ಒಂದು ಗಂಟು ಬಿಡಿಸಿಕೊಡಿ. 1787ರ ಫೆಬ್ರವರಿ 21ರಂದು ಅಮೆರಿಕದ ಅಂದಿನ ಕಾಂಗ್ರೆಸ್ ಫಿಲಡೆಲ್ಫಿಯಾ ಸಮಾವೇಶಕ್ಕೆ ಒಪ್ಪಿಗೆ ಕೊಟ್ಟಾಗ ಹಾಕಿದ ಕಟ್ಟು ಸ್ಪಷ್ಟವಾಗಿತ್ತು. ಹದಿಮೂರು ರಾಜ್ಯಗಳನ್ನು ಒಕ್ಕೂಟವಾಗಿ ಕಟ್ಟಿದ್ದ ಈಗಿರುವ ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್ ಒಪ್ಪಂದವನ್ನು ಪರಿಷ್ಕರಿಸಬೇಕು, ಉದ್ದೇಶ ಅದೊಂದೇ. ಆ ಒಪ್ಪಂದದ 13ನೇ ವಿಧಿಯ ಪ್ರಕಾರ ಯಾವ ಬದಲಾವಣೆಗೂ ಹದಿಮೂರೂ ರಾಜ್ಯಗಳ ಶಾಸನಸಭೆಗಳು ಒಪ್ಪಲೇಬೇಕು. ಆದರೆ ಸೆಪ್ಟೆಂಬರ್ 17ರಂದು ಹೊರಬಂದದ್ದು ಪೂರ್ತಿ ಹೊಸ ಸಂವಿಧಾನ. ಅದರ 7ನೇ ವಿಧಿಯೋ ಒಂಬತ್ತು ರಾಜ್ಯಗಳ ಸಮಾವೇಶಗಳು ಒಪ್ಪಿದರೆ ಸಾಕು ಎನ್ನುತ್ತದೆ. ಇದು ಕಾನೂನಿನ ಪ್ರಕಾರ ಸರಿಯೇ?

ಇನ್ನೊಂದು: ಅಧಿಕಾರ ವಿಭಜನೆ, ಒಕ್ಕೂಟ ಪದ್ಧತಿ ಮುಂತಾದ ತತ್ವಗಳು ಪುಸ್ತಕದಿಂದ ಬಂದವೋ, ಪೆಟ್ಟು ತಿಂದ ಅನುಭವದಿಂದಲೋ?

ಹಳೆಕಡತ

ಎರಡನೆಯದಕ್ಕೆ ಮೊದಲು ಉತ್ತರ ಹೇಳಿದರೆ ಮೊದಲನೆಯದು ಸಲೀಸಾಗುತ್ತದೆ.

ಹಳೆಯ ಒಪ್ಪಂದ ಕಾಂಗ್ರೆಸ್ಸಿನಲ್ಲಿ ಅಂಗೀಕಾರವಾದದ್ದು 1777ರ ನವೆಂಬರಿನಲ್ಲಿ. ಮೇರಿಲ್ಯಾಂಡ್ ಕೊನೆಗೆ ಸಹಿ ಹಾಕಿ ಅದು ಜಾರಿಗೆ ಬಂದದ್ದು 1781ರ ಮಾರ್ಚ್ 1ಕ್ಕೆ. ರಾಜ್ಯಕ್ಕೊಂದು ಮತ. ಯುದ್ಧ, ಸಾಲ, ಒಪ್ಪಂದದಂಥ ದೊಡ್ಡ ವಿಷಯಕ್ಕೆ ಒಂಬತ್ತು ಮತ. ಕಾರ್ಯಾಂಗವಿಲ್ಲ, ಎಲ್ಲ ರಾಜ್ಯಗಳ ಮೇಲೂ ಮಾತು ನಡೆಯುವ ನ್ಯಾಯಾಂಗವಿಲ್ಲ, ತೆರಿಗೆ ಹಾಕುವ ಅಧಿಕಾರವಂತೂ ಇಲ್ಲವೇ ಇಲ್ಲ. ಹಣ ಬೇಕಾದರೆ ರಾಜ್ಯಗಳಿಗೆ ಕೋರಿಕೆ ಕಳಿಸಬೇಕು, ಕೊಟ್ಟರೆ ಉಂಟು. ಕಾಂಗ್ರೆಸ್ 1781ರಲ್ಲಿ ಆಮದಿನ ಮೇಲೆ ಶೇ. 5 ಸುಂಕ ಕೇಳಿತು, ರೋಡ್ ಐಲೆಂಡ್ 1782ರಲ್ಲಿ ಆಗದು ಎಂದಿತು, ಕಥೆ ಮುಗಿಯಿತು. 1783ರಲ್ಲಿ ಇನ್ನೊಮ್ಮೆ ಕೇಳಿದ್ದನ್ನು 1786ರಲ್ಲಿ ನ್ಯೂಯಾರ್ಕ್ ಮುಳುಗಿಸಿತು. ಸರ್ವಾನುಮತ ಎಂದರೆ ಏನೂ ಆಗುವುದಿಲ್ಲ ಎಂದು ಫಿಲಡೆಲ್ಫಿಯಾಕ್ಕೆ ಬಂದವರೆಲ್ಲ ಎರಡು ಸಲ ಕಂಡಿದ್ದರು. ರೋಡ್ ಐಲೆಂಡ್ ಸಮಾವೇಶಕ್ಕೆ ಪ್ರತಿನಿಧಿಯನ್ನೇ ಕಳಿಸಲಿಲ್ಲ. ಒಂಬತ್ತು ಎಂಬ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ, ಹಳೆಯ ಒಪ್ಪಂದದಲ್ಲಿ ದೊಡ್ಡ ವಿಷಯಗಳಿಗೆ ಬಳಕೆಯಲ್ಲಿದ್ದ ಸಂಖ್ಯೆಯೇ.

ಸಂವಿಧಾನದ ಒಣ ವಿಧಿಗಳನ್ನು ಈ ಕಣ್ಣಿನಿಂದ ಓದಿ ನೋಡಿ. ರಾಜಧಾನಿಗೆ ಹತ್ತು ಮೈಲಿ ಚೌಕ ಮೀರದ ಪ್ರತ್ಯೇಕ ಜಿಲ್ಲೆ ಇರಬೇಕೆಂದು 1ನೇ ವಿಧಿಯ 8ನೇ ಸೆಕ್ಷನ್ ಹೇಳುತ್ತದೆ. ಏಕೆ? 1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಕೂತ ಕಟ್ಟಡವನ್ನೇ ಸುತ್ತುವರಿದರು. ಪೆನ್ಸಿಲ್ವೇನಿಯ ಸರ್ಕಾರ ತನ್ನ ಮಿಲಿಶಿಯಾವನ್ನು (ನಾಗರಿಕರ ಪಡೆ) ಕರೆಸಲಿಲ್ಲ, ಕಾಂಗ್ರೆಸ್ ಪ್ರಿನ್ಸ್‌ಟನ್‌ಗೆ ಗಂಟುಮೂಟೆ ಕಟ್ಟಿತು. ರಾಜ್ಯಗಳು ಕಾಗದದ ಹಣ ಅಚ್ಚು ಹಾಕಬಾರದು, ಕರಾರುಗಳನ್ನು ಕೆಡಿಸುವ ಕಾನೂನು ಮಾಡಬಾರದು ಎಂಬ 10ನೇ ಸೆಕ್ಷನ್ನಿನ ಹಿಂದೆ 1786ರ ರೋಡ್ ಐಲೆಂಡ್ ನೋಟುಗಳ ಗಲಾಟೆ ಇದೆ. ಆಂತರಿಕ ದಂಗೆಯಿಂದ ರಾಜ್ಯಗಳಿಗೆ ರಕ್ಷಣೆ ಕೊಡುವ 4ನೇ ವಿಧಿಯ ಮಾತನ್ನು ಓದುವಾಗ ಮ್ಯಾಸಚೂಸೆಟ್ಸ್‌ನ ಶೇಸ್ ದಂಗೆ ನೆನಪಿರಲಿ. ಸಾಲಕ್ಕೆ ಜಮೀನು ಕಳೆದುಕೊಳ್ಳುತ್ತಿದ್ದ ರೈತರು 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮೇಲೇ ನಡೆದಿದ್ದರು. ಇನ್ನು ವಿದೇಶಿ ಒಪ್ಪಂದಗಳೂ ದೇಶದ ಪರಮ ಕಾನೂನು ಎನ್ನುವ 6ನೇ ವಿಧಿ: 1783ರ ಪ್ಯಾರಿಸ್ ಒಪ್ಪಂದವಿದ್ದರೂ ಸಾಲ ಕೊಟ್ಟಿದ್ದ ಬ್ರಿಟಿಷರ ಬಾಕಿ ವಸೂಲಿಗೆ ವರ್ಜೀನಿಯಾದಂಥ ರಾಜ್ಯಗಳು ಅಡ್ಡಗಾಲು ಹಾಕಿದ್ದವು. ಬ್ರಿಟಿಷರು ಅದನ್ನೇ ನೆಪ ಮಾಡಿಕೊಂಡು ವಾಯವ್ಯದ ಕೋಟೆಗಳನ್ನು ಬಿಡದೆ ಕೂತಿದ್ದರು.

ತತ್ವ ಇಲ್ಲವೆಂದಲ್ಲ. ಆದರೆ ತತ್ವ ಹುಡುಕಿಕೊಂಡು ಹೋಗುವ ಮೊದಲು ಯಾವ ಸೋರಿಕೆಗೆ ಈ ತೇಪೆ ಎಂದು ಕೇಳುವುದು ಒಳ್ಳೆಯದು.

ಕಿತ್ತೂರ ವಕೀಲ

ಹಳೆಕಡತ ಅವರ ಚಿತ್ರ ಛಲೋ ಐತಿ. ಆದ್ರ ಮೊದಲನೇ ಪ್ರಶ್ನೆಗೆ ಉತ್ತರ ಬರಲಿಲ್ಲಲ್ರೀ. ‘ಸರ್ವಾನುಮತ ಆಗ್ತಿರಲಿಲ್ಲ’ ಅನ್ನೋದು ಕಾರಣ, ಅಧಿಕಾರ ಅಲ್ಲ.

ದಾಖಲೆ ಇಟ್ಟು ನೋಡೋಣು. ಪ್ರತಿನಿಧಿಗಳಿಗೆ ಅಧಿಕಾರಪತ್ರ ಕೊಟ್ಟದ್ದು ಕಾಂಗ್ರೆಸ್ ಅಲ್ಲ, ಅವರವರ ರಾಜ್ಯ. ಅವು ಒಂದೇ ಥರ ಇರಲಿಲ್ಲ. ವರ್ಜೀನಿಯಾದಂಥ ರಾಜ್ಯಗಳ ಪತ್ರ ಸಾಕಷ್ಟು ಸಡಿಲ ಇತ್ತು, ಒಕ್ಕೂಟದ ಅಗತ್ಯಕ್ಕ ತಕ್ಕ ಸಂವಿಧಾನ ಮಾಡ್ರಿ ಅನ್ನೋ ಧಾಟಿ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಪತ್ರದಾಗ ‘ಪರಿಷ್ಕರಣ ಮಾತ್ರ’ ಅಂತ ಬಿಗಿ ಇತ್ತು. ಡೆಲವೇರ್ ಅಂತೂ ರಾಜ್ಯಕ್ಕೊಂದು ಮತ ಅನ್ನೋದನ್ನ ಬಿಟ್ಟುಕೊಡಬ್ಯಾಡ್ರಿ ಅಂತ ಕಟ್ಟಪ್ಪಣೆ ಮಾಡಿತ್ತು. ನ್ಯೂಯಾರ್ಕಿನ ಯೇಟ್ಸ್ ಮತ್ತ ಲ್ಯಾನ್ಸಿಂಗ್ ‘ನಮಗ ಇಷ್ಟು ಅಧಿಕಾರ ಇಲ್ಲ’ ಅಂತ ಜುಲೈ 10ಕ್ಕ ಎದ್ದು ಹೋದರು. ಉಳಿದ ಹ್ಯಾಮಿಲ್ಟನ್ ಒಬ್ಬರೇ ಆಗಿದ್ದಕ್ಕ ಆ ರಾಜ್ಯಕ್ಕ ಆಮೇಲೆ ಮತಾನೇ ಇಲ್ಲ.

ಕಾನೂನಿನ ಕುಶಲತೆ ಇರೋದು 7ನೇ ವಿಧಿಯ ಕೊನೇ ಮಾತಿನಾಗ. ಒಂಬತ್ತು ರಾಜ್ಯ ಒಪ್ಪಿದರ ಸಂವಿಧಾನ ‘ಹಾಗೆ ಒಪ್ಪಿದ ರಾಜ್ಯಗಳ ನಡುವೆ’ ಜಾರಿ. ಒಪ್ಪದವರ ಮ್ಯಾಲೆ ಏನೂ ಹೇರಿಲ್ಲ. ಹಳೇ ಒಪ್ಪಂದದ ಗತಿ ಏನು ಅಂದ್ರ, ವರ್ಜೀನಿಯಾದ ಪ್ರತಿನಿಧಿ ಮ್ಯಾಡಿಸನ್, ಸಂವಿಧಾನದ ಪರ ಬರೆದ ‘ಫೆಡರಲಿಸ್ಟ್’ ಮಾಲಿಕೆಯ 43ನೇ ಲೇಖನದಾಗ ಅದನ್ನ ರಾಜ್ಯ ರಾಜ್ಯಗಳ ನಡುವಿನ ಕರಾರಿನಂಗ ನೋಡ್ತಾರ. ಒಬ್ಬರು ಮುರಿದರ ಉಳಿದವರು ಬಿಡುಗಡೆ ಆದಂಗ. ವಾದ ಜಾಣತನದ್ದು. ಆದ್ರ ಅದೇ ಒಪ್ಪಂದ ತನ್ನನ್ನ ‘ಶಾಶ್ವತ ಒಕ್ಕೂಟ’ ಅಂತ ಕರಕೊಂಡಿತ್ತು. ನನ್ನ ಲೆಕ್ಕದಾಗ ಇದು ಅಧಿಕಾರ ಮೀರಿದ ಕೆಲಸ, ಆಮೇಲೆ ಒಪ್ಪಿಗೆ ಪಡಕೊಂಡದ್ದು.

ಹಳೆಕಡತ

ವಕೀಲರೇ, ಆಮೇಲಿನ ಒಪ್ಪಿಗೆಯನ್ನು ಅಷ್ಟು ಹಗುರ ಮಾಡಬೇಡಿ. ಸಮಾವೇಶ ಯಾವುದನ್ನೂ ಜಾರಿ ಮಾಡಲಿಲ್ಲ, ಕರಡನ್ನು ಕಾಂಗ್ರೆಸ್ಸಿಗೆ ಕಳಿಸಿತು. ಕಾಂಗ್ರೆಸ್ ಸೆಪ್ಟೆಂಬರ್ 28ರಂದು ಮೆಚ್ಚುಗೆಯನ್ನೂ ಹೇಳದೆ, ಖಂಡಿಸದೆ ಸರ್ವಾನುಮತದಿಂದ ರಾಜ್ಯಗಳಿಗೆ ರವಾನಿಸಿತು. ರಾಜ್ಯಗಳ ಶಾಸನಸಭೆಗಳು ಸಮಾವೇಶಕ್ಕೆ ಚುನಾವಣೆ ಕರೆದವು. ಅಂದರೆ ಹಳೆಯ ವ್ಯವಸ್ಥೆಯ ಪ್ರತಿ ಬಾಗಿಲಿನಲ್ಲೂ ‘ಬೇಡ’ ಎನ್ನಲು ಅವಕಾಶವಿತ್ತು.

ಡೆಲವೇರ್ 1787ರ ಡಿಸೆಂಬರ್ 7ಕ್ಕೆ ಮೊದಲು ಒಪ್ಪಿತು, ಸೆನೆಟ್‌ನಲ್ಲಿ ಸಮಾನ ಸ್ಥಾನ ಸಿಕ್ಕಮೇಲೆ ಅದಕ್ಕೆ ತಕರಾರಿರಲಿಲ್ಲ. ಒಂಬತ್ತನೆಯದು ನ್ಯೂ ಹ್ಯಾಂಪ್‌ಶೈರ್, 1788ರ ಜೂನ್ 21. ಆದರೆ ವರ್ಜೀನಿಯ, ನ್ಯೂಯಾರ್ಕ್ ಇಲ್ಲದ ಒಕ್ಕೂಟ ನಡುವೆ ತುಂಡಾದಂತೆ. ವರ್ಜೀನಿಯ 89–79, ನ್ಯೂಯಾರ್ಕ್ 30–27. ವಾಷಿಂಗ್ಟನ್ 1789ರ ಏಪ್ರಿಲ್ 30ಕ್ಕೆ ಪ್ರಮಾಣವಚನ ಸ್ವೀಕರಿಸಿದಾಗ ಒಕ್ಕೂಟದಲ್ಲಿದ್ದದ್ದು ಹನ್ನೊಂದೇ ರಾಜ್ಯ. ನಾರ್ತ್ ಕೆರೊಲಿನಾ ಆ ವರ್ಷದ ನವೆಂಬರಿನಲ್ಲಿ ಬಂತು. ರೋಡ್ ಐಲೆಂಡ್‌ನ ಜೊತೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಯನ್ನು ಸೆನೆಟ್ 1790ರ ಮೇನಲ್ಲಿ ಪಾಸು ಮಾಡಿದ ಮೇಲೆ, ಮೇ 29ಕ್ಕೆ, 34–32ರಲ್ಲಿ ಅದೂ ಸೇರಿತು. ಒಪ್ಪಿಗೆ ಸ್ವಇಚ್ಛೆಯದ್ದು ಎನ್ನಲು ನನಗೂ ಸ್ವಲ್ಪ ನಾಲಗೆ ತಡವರಿಸುತ್ತದೆ, ಆದರೂ ಹದಿಮೂರೂ ಬಂದವು.

ಶಾಸನಸಭೆಗಳ ಬದಲು ಸಮಾವೇಶಗಳನ್ನು ಆರಿಸಿದ್ದಕ್ಕೆ ಎರಡು ಲೆಕ್ಕಾಚಾರ. ಹೊಸ ಸಂವಿಧಾನ ಶಾಸನಸಭೆಗಳ ಅಧಿಕಾರವನ್ನೇ ಕಿತ್ತುಕೊಳ್ಳುತ್ತಿತ್ತು, ಅವು ಒಪ್ಪುವ ಸಂಭವ ಕಡಿಮೆ. ಮತ್ತೆ, ಶಾಸನಸಭೆ ಮಾಡಿದ್ದನ್ನು ಮುಂದಿನ ಶಾಸನಸಭೆ ರದ್ದು ಮಾಡಬಹುದು. ಜನರೇ ಇದಕ್ಕೆಂದು ಆರಿಸಿದ ಸಮಾವೇಶ ಒಪ್ಪಿದರೆ ಅದು ಸಾಮಾನ್ಯ ಕಾನೂನಿಗಿಂತ ಮೇಲೆ ನಿಲ್ಲುತ್ತದೆ. ಮ್ಯಾಸಚೂಸೆಟ್ಸ್ 1780ರಲ್ಲಿ ತನ್ನ ರಾಜ್ಯ ಸಂವಿಧಾನವನ್ನು ವಿಶೇಷ ಸಮಾವೇಶದಲ್ಲಿ ಬರೆಸಿ ಊರೂರಿನ ಜನರ ಮುಂದಿಟ್ಟು ಈ ದಾರಿ ತೋರಿಸಿತ್ತು. ಜನಪರಮಾಧಿಕಾರ ಎಂಬ ತತ್ವಕ್ಕೆ ಕಾರ್ಯವಿಧಾನ ಸಿಕ್ಕಿದ್ದು ಅಲ್ಲಿ.

ಬಿಳಿಗಿರಿ

ಪುಸ್ತಕಗಳ ಪರವಾಗಿಯೂ ಒಬ್ಬರು ಮಾತಾಡಬೇಕಲ್ಲ. ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಬರೆದ ಅಧಿಕಾರ ವಿಭಜನೆಯ ವಾದವನ್ನು ಅಲ್ಲಿ ಓದದವರು ಕಡಿಮೆ, ಎರಡೂ ಕಡೆಯವರು ಅವನನ್ನೇ ಉದ್ಧರಿಸುತ್ತಿದ್ದರು. ಆದರೆ ಅಮೆರಿಕದಲ್ಲಿ ಮೂರು ಅಂಗಗಳ ನಡುವೆ ಗೋಡೆ ಕಟ್ಟಿದ್ದಾರೆ ಎಂಬುದು ತಪ್ಪು ತಿಳಿವಳಿಕೆ. ಕಟ್ಟಿದ್ದು ಒಬ್ಬರ ಕೈ ಇನ್ನೊಬ್ಬರ ಕೆಲಸದಲ್ಲಿ ಸ್ವಲ್ಪ ಇರುವಂಥ ವ್ಯವಸ್ಥೆ. ಅಧ್ಯಕ್ಷರಿಗೆ ವೀಟೊ, ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತವಿದ್ದರೆ ಆ ವೀಟೊಗೆ ಮದ್ದು. (ಆಗಸ್ಟ್ 15ರಂದು ಇದನ್ನು ನಾಲ್ಕನೇ ಮೂರಕ್ಕೆ ಏರಿಸಿ ಸೆಪ್ಟೆಂಬರ್ 12ಕ್ಕೆ ಮತ್ತೆ ಇಳಿಸಿದರು.) ನೇಮಕಾತಿ ಅಧ್ಯಕ್ಷರದು, ಸಮ್ಮತಿ ಸೆನೆಟ್‌ನದು. ರಾಜ್ಯಗಳ ಅನುಭವ ಇಲ್ಲೂ ಕೆಲಸ ಮಾಡಿದೆ. ಪೆನ್ಸಿಲ್ವೇನಿಯ 1776ರಲ್ಲಿ ಒಂದೇ ಸದನ ಇಟ್ಟು ವೀಟೊ ಇರುವ ಗವರ್ನರನ್ನೇ ಇಡಲಿಲ್ಲ. ಅದಕ್ಕೆ ಎದುರಾದ ಮಾದರಿ ಜಾನ್ ಆಡಮ್ಸ್ ಕರಡು ಬರೆದ ಮ್ಯಾಸಚೂಸೆಟ್ಸ್‌ನದು: ಎರಡು ಸದನ, ವೀಟೊ ಇರುವ ಗವರ್ನರ್, ಸ್ವತಂತ್ರ ನ್ಯಾಯಾಧೀಶರು. ಫಿಲಡೆಲ್ಫಿಯಾದಲ್ಲಿ ಗೆದ್ದದ್ದು ಈ ಎರಡನೆಯದು.

ಯಾರೂ ಹೆಚ್ಚು ಹೇಳದ ಒಂದು ಸೋಲು: ಮ್ಯಾಡಿಸನ್‌ಗೆ ಬೇಕಿದ್ದದ್ದು ರಾಜ್ಯಗಳ ಕಾನೂನುಗಳ ಮೇಲೆ ಕಾಂಗ್ರೆಸ್ಸಿಗೆ ವೀಟೊ. ಜುಲೈ 17ರಂದು ಅದು ಬಿದ್ದುಹೋಯಿತು. ಅದರ ಜಾಗಕ್ಕೆ ಅದೇ ದಿನ ಮೇರಿಲ್ಯಾಂಡಿನ ಲೂಥರ್ ಮಾರ್ಟಿನ್, ಸಣ್ಣ ರಾಜ್ಯಗಳು ಮುಂದಿಟ್ಟಿದ್ದ ನ್ಯೂ ಜೆರ್ಸಿ ಯೋಜನೆಯಿಂದ ಎತ್ತಿ, ಒಕ್ಕೂಟದ ಕಾನೂನೇ ಮೇಲು, ರಾಜ್ಯಗಳ ನ್ಯಾಯಾಧೀಶರು ಅದಕ್ಕೆ ಬದ್ಧರು ಎಂಬ ಮಾತು ಸೇರಿಸಿದರು. ಆಮೇಲೆ ಬಿಗಿಯಾಗುತ್ತಾ ಬಂದು ಅದೇ 6ನೇ ವಿಧಿಯ ಬೆನ್ನುಮೂಳೆ ಆಯಿತು. ತಮಾಷೆ ಎಂದರೆ ಮಾರ್ಟಿನ್ ರಾಜ್ಯಗಳ ಹಕ್ಕಿನ ಕಟ್ಟಾ ಪಕ್ಷಪಾತಿ, ಸಂವಿಧಾನಕ್ಕೆ ಸಹಿಯನ್ನೇ ಹಾಕಲಿಲ್ಲ. ಪರಿಣಾಮ ದೊಡ್ಡದು: ರಾಜ್ಯ ಮತ್ತು ಕೇಂದ್ರದ ಜಗಳ ತೀರಿಸುವ ಕೆಲಸ ಕಾಂಗ್ರೆಸ್ಸಿನ ಕೈಯಿಂದ ಕೋರ್ಟುಗಳ ಕೈಗೆ ಹೋಯಿತು. ಒಕ್ಕೂಟದ ಬ್ಯಾಂಕಿಗೆ ಮೇರಿಲ್ಯಾಂಡ್ ತೆರಿಗೆ ಹಾಕಿದ್ದನ್ನು ಸುಪ್ರೀಂ ಕೋರ್ಟ್ 1819ರ ಮೆಕಲಕ್ ಪ್ರಕರಣದಲ್ಲಿ ಹೊಡೆದುಹಾಕಿದ್ದು ಇದೇ ವಿಧಿಯ ಬಲದಿಂದ.

ತುಂಗಾತೀರ

ಸೆನೆಟ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸಮಾನ ಸ್ಥಾನ ಎಂಬ ಒಪ್ಪಂದ ಆದದ್ದು ಎಷ್ಟು ಮತಗಳಿಂದ? ಹನ್ನೆರಡು ರಾಜ್ಯ ಬಂದಿದ್ದವು ಎನ್ನುತ್ತಾರೆ, ಮತ ಎಣಿಕೆ ಹತ್ತಕ್ಕೇ ನಿಲ್ಲುತ್ತದೆ.

ಬಿಳಿಗಿರಿ

ಜುಲೈ 16, 5–4. ಪರ: ಕನೆಕ್ಟಿಕಟ್, ನ್ಯೂ ಜೆರ್ಸಿ, ಡೆಲವೇರ್, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ. ವಿರುದ್ಧ: ಪೆನ್ಸಿಲ್ವೇನಿಯ, ವರ್ಜೀನಿಯ, ಸೌತ್ ಕೆರೊಲಿನಾ, ಜಾರ್ಜಿಯಾ. ಮ್ಯಾಸಚೂಸೆಟ್ಸ್ ಪ್ರತಿನಿಧಿಗಳು ಎರಡೆರಡು ಹಂಚಿಹೋಗಿ ಆ ರಾಜ್ಯದ ಮತ ಲೆಕ್ಕಕ್ಕಿಲ್ಲ. ನ್ಯೂಯಾರ್ಕ್ ಎದ್ದುಹೋಗಿ ಆರು ದಿನವಾಗಿತ್ತು, ನ್ಯೂ ಹ್ಯಾಂಪ್‌ಶೈರ್‌ನವರು ಇನ್ನೂ ತಲುಪಿಯೇ ಇರಲಿಲ್ಲ, ರೋಡ್ ಐಲೆಂಡ್ ಬರಲೇ ಇಲ್ಲ. ಒಂದು ರಾಜ್ಯ ಆಚೀಚೆ ಆಗಿದ್ದರೆ ಸಮಾವೇಶವೇ ಒಡೆಯುತ್ತಿತ್ತು.

ಒಡೆಯದೆ ಉಳಿದದ್ದಕ್ಕೆ ಕಲಾಪದ ಎರಡು ನಿಯಮಗಳ ಪಾಲು ದೊಡ್ಡದು. ಒಳಗಿನ ಮಾತು ಹೊರಗೆ ಹೋಗಬಾರದು. ತೀರ್ಮಾನವಾದದ್ದನ್ನೂ ಮತ್ತೆ ಎತ್ತಬಹುದು. ಮತ ದಾಖಲಾದದ್ದು ರಾಜ್ಯದ ಹೆಸರಲ್ಲಿ, ವ್ಯಕ್ತಿಯ ಹೆಸರಲ್ಲಲ್ಲ. ಹಾಗಾಗಿ ಮನಸ್ಸು ಬದಲಿಸಿದರೆ ಪತ್ರಿಕೆಯಲ್ಲಿ ಮಾನ ಹೋಗುವ ಭಯವಿರಲಿಲ್ಲ. ಮ್ಯಾಡಿಸನ್ ಬರೆದುಕೊಂಡ ಟಿಪ್ಪಣಿಗಳು ಅಚ್ಚಾದದ್ದೇ 1840ರಲ್ಲಿ, ಅವರು ತೀರಿಕೊಂಡ ಮೇಲೆ.

ಮಸಿದೌತಿ

ಇಷ್ಟು ಹೊತ್ತಿನವರೆಗೆ ಗುಲಾಮಗಿರಿಯ ಸುದ್ದಿಯೇ ಇಲ್ಲದೆ ಚರ್ಚೆ ನಡೆದದ್ದು ಆಶ್ಚರ್ಯ. 1790ರ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನ, ಅವರಲ್ಲಿ ಸುಮಾರು 7 ಲಕ್ಷ ಗುಲಾಮರು. ಅವರನ್ನು ಬಿಟ್ಟು ಪ್ರಾತಿನಿಧ್ಯದ ಲೆಕ್ಕ ಅರ್ಥವಾಗುವುದಿಲ್ಲ.

ಪ್ರತಿನಿಧಿ ಸಭೆಯ ಸೀಟು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಐದನೇ ಮೂರು ಎಂಬ ಪ್ರಮಾಣ ಹುಟ್ಟಿದ್ದು ತೆರಿಗೆಯ ಲೆಕ್ಕದಲ್ಲಿ. 1783ರಲ್ಲಿ ಒಕ್ಕೂಟದ ಖರ್ಚನ್ನು ಜನಸಂಖ್ಯೆಯ ಮೇಲೆ ಹಂಚುವ ಪ್ರಸ್ತಾಪ ಬಂದಾಗ ದಕ್ಷಿಣದವರಿಗೆ ಗುಲಾಮರನ್ನು ಆದಷ್ಟು ಕಡಿಮೆ ಎಣಿಸಬೇಕಿತ್ತು, ಏಕೆಂದರೆ ಎಣಿಕೆ ಹೆಚ್ಚಿದರೆ ಕೊಡಬೇಕಾದ ಹಣವೂ ಹೆಚ್ಚು. 1787ರಲ್ಲಿ ಎಣಿಕೆಗೆ ಸೀಟು ಅಂಟಿಕೊಂಡಾಗ ಅದೇ ದಕ್ಷಿಣ ಪೂರ್ತಿ ಎಣಿಸಿ ಎಂದು ಪಟ್ಟು ಹಿಡಿಯಿತು. ‘ಗುಲಾಮನನ್ನು ಐದನೇ ಮೂರು ಮನುಷ್ಯ ಎಂದರು’ ಎಂಬ ಜನಪ್ರಿಯ ಮಾತು ಅರ್ಧ ದಾರಿ ತಪ್ಪಿಸುತ್ತದೆ. ಸೊನ್ನೆ ಎಂದು ಎಣಿಸಿದ್ದರೆ ಗುಲಾಮರ ಒಡೆಯರ ಬಲ ಇನ್ನೂ ಕಡಿಮೆಯಾಗುತ್ತಿತ್ತು.

ಆಗಸ್ಟ್‌ನಲ್ಲಿ ಇನ್ನೊಂದು ವ್ಯವಹಾರ ಕುದುರಿತು. ಹೊರಗಿನಿಂದ ಗುಲಾಮರನ್ನು ತರುವುದನ್ನು 1800ರವರೆಗೆ ಕಾಂಗ್ರೆಸ್ ತಡೆಯಬಾರದೆಂದು ಸಮಿತಿ ಬರೆದಿತ್ತು. ಸೌತ್ ಕೆರೊಲಿನಾದ ಪಿಂಕ್ನಿ ಅದನ್ನು 1808 ಮಾಡಿ ಎಂದರು, ಅನುಮೋದಿಸಿದ್ದು ಮ್ಯಾಸಚೂಸೆಟ್ಸ್‌ನ ಗೋರಮ್. 7–4ರಲ್ಲಿ ಪಾಸಾಯಿತು. ಬದಲಿಗೆ ಹಡಗು ವ್ಯಾಪಾರದ ಕಾನೂನುಗಳಿಗೆ ಮೂರನೇ ಎರಡು ಬಹುಮತ ಬೇಕೆಂಬ ಷರತ್ತನ್ನು ದಕ್ಷಿಣದವರು ಬಿಟ್ಟುಕೊಟ್ಟರು, ನ್ಯೂ ಇಂಗ್ಲೆಂಡ್ ಹಡಗು ಮಾಲೀಕರಿಗೆ ಬೇಕಿದ್ದದ್ದು ಅದೇ. ತಂದ ಪ್ರತಿಯೊಬ್ಬರ ಮೇಲೆ ಹತ್ತು ಡಾಲರ್ ಮೀರದ ಸುಂಕ ಹಾಕಬಹುದೆಂದೂ ಬರೆದರು. ಸಾಲದ್ದಕ್ಕೆ 1808ರ ಮೊದಲು ಈ ಮಾತನ್ನು ತಿದ್ದುಪಡಿಯಿಂದಲೂ ಮುಟ್ಟುವಂತಿಲ್ಲ ಎಂದು 5ನೇ ವಿಧಿಯಲ್ಲಿ ಬೀಗ ಹಾಕಿದರು. ‘ಯಾವ ಸೋರಿಕೆಗೆ ಯಾವ ತೇಪೆ’ ಎಂಬ ಹಳೆಕಡತ ಅವರ ಓದು ಇಲ್ಲಿ ಸಾಲದು. ಇದು ದುರಸ್ತಿಯಲ್ಲ, ವ್ಯಾಪಾರ.

ತುಂಗಾತೀರ

ಹಾಗಾದರೆ ಅಧ್ಯಕ್ಷರನ್ನು ಎಲೆಕ್ಟರ್‌ಗಳ ಮೂಲಕ ಆರಿಸುವ ಎಲೆಕ್ಟೋರಲ್ ಕಾಲೇಜ್ ಬಂದದ್ದೂ ಗುಲಾಮಗಿರಿಗಾಗಿಯೇ?

ಮಸಿದೌತಿ

ಅದು ಒಂದು ಎಳೆ, ಗಟ್ಟಿ ಎಳೆಯೇ. ಜನರ ನೇರ ಆಯ್ಕೆ ಸೂಕ್ತವೆಂದು ಜುಲೈ 19ರಂದು ಮ್ಯಾಡಿಸನ್ನೇ ಹೇಳಿ, ಅದರಲ್ಲಿ ದಕ್ಷಿಣಕ್ಕೆ ಮತವಿಲ್ಲದ ತನ್ನ ಗುಲಾಮರ ಕಾರಣದಿಂದ ಪ್ರಭಾವ ಸಿಗುವುದಿಲ್ಲ, ಎಲೆಕ್ಟರ್‌ಗಳಾದರೆ ಆ ತೊಡಕಿಲ್ಲ ಎಂದರು. ಆದರೆ ಅದೊಂದೇ ಕಾರಣವಲ್ಲ. ಆಗಸ್ಟ್ 6ರ ಕರಡಿನಲ್ಲಿ ಅಧ್ಯಕ್ಷರನ್ನು ಆರಿಸುವುದು ಶಾಸಕಾಂಗ, ಏಳು ವರ್ಷ, ಮರು ಆಯ್ಕೆ ಇಲ್ಲ ಎಂದಿತ್ತು. ಮರು ಆಯ್ಕೆಗೆ ಅವಕಾಶ ಕೊಟ್ಟರೆ ಅಧ್ಯಕ್ಷ ಶಾಸಕಾಂಗದ ಬಾಲವಾಗುತ್ತಾನೆ, ಕೊಡದಿದ್ದರೆ ಒಳ್ಳೆಯವನೂ ಮನೆಗೆ. ಈ ಇಕ್ಕಟ್ಟಿನಿಂದ ಹೊರಬರಲು ಸೆಪ್ಟೆಂಬರ್ 4ರಂದು ಹನ್ನೊಂದು ಜನರ ಸಮಿತಿ ನಾಲ್ಕು ವರ್ಷದ ಅವಧಿ ಮತ್ತು ಎಲೆಕ್ಟರ್‌ಗಳ ಯೋಜನೆ ತಂದಿತು.

ಅದರಲ್ಲೊಂದು ಯಂತ್ರದೋಷ ಇತ್ತು. ಪ್ರತಿ ಎಲೆಕ್ಟರ್‌ಗೆ ಎರಡು ಮತ, ಅಧ್ಯಕ್ಷಕ್ಕೆ ಯಾವುದು ಉಪಾಧ್ಯಕ್ಷಕ್ಕೆ ಯಾವುದು ಎಂಬ ಗುರುತಿಲ್ಲ. ಪಕ್ಷಗಳು ಹುಟ್ಟಿದ ಮೇಲೆ ಇದು ಸಿಡಿಯಲೇಬೇಕಿತ್ತು. 1800ರಲ್ಲಿ ಒಂದೇ ಪಕ್ಷದ ಜೆಫರ್ಸನ್ ಮತ್ತು ಬರ್‌ಗೆ ತಲಾ 73 ಬಂದು, ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿ ಜೆಫರ್ಸನ್‌ರನ್ನು ಆರಿಸಿತು. 1804ರ 12ನೇ ತಿದ್ದುಪಡಿ ಎರಡು ಮತಗಳನ್ನು ಬೇರೆ ಮಾಡಿತು.

ಕಿತ್ತೂರ ವಕೀಲ

ಮೂಲಭೂತ ಹಕ್ಕುಗಳ ಮಾತು ಬಾಕಿ ಐತಿ. ಸೆಪ್ಟೆಂಬರ್ 12ಕ್ಕ ಜಾರ್ಜ್ ಮೇಸನ್ ಹಕ್ಕುಪತ್ರ ಬೇಕಂದ್ರು, ಒಂದ ರಾಜ್ಯಾನೂ ಪರ ಬರಲಿಲ್ಲ. ರಾಜ್ಯಗಳ ಹಕ್ಕುಪತ್ರ ಅದಾವ, ಸಾಕು ಅನ್ನೋದು ಶರ್ಮನ್ ವಾದ. ಹ್ಯಾಮಿಲ್ಟನ್ ಆಮೇಲೆ ‘ಫೆಡರಲಿಸ್ಟ್’ 84ನೇ ಲೇಖನದಾಗ ಇನ್ನೊಂದು ಹೆಜ್ಜೆ ಮುಂದ ಹೋದರು: ಕೊಡದ ಅಧಿಕಾರಕ್ಕ ಮಿತಿ ಬರೆಯೋದೇ ಅಪಾಯ, ಆ ಅಧಿಕಾರ ಐತಿ ಅಂತ ವಾದಿಸೋರಿಗೆ ನೆಪ ಸಿಕ್ಕಂಗ ಆಗ್ತದ. ವಿರೋಧಿಗಳು ಕೇಳಿದ್ದು ನ್ಯಾಯದ ಪ್ರಶ್ನೆ. ಹಂಗಾದ್ರ 1ನೇ ವಿಧಿಯ 9ನೇ ಸೆಕ್ಷನ್‌ನಾಗ ಹೇಬಿಯಸ್ ಕಾರ್ಪಸ್ (ಬಂಧಿಸಿದವರನ್ನ ಕೋರ್ಟಿನ ಮುಂದ ತರಬೇಕು ಅನ್ನೋ ರಕ್ಷಣೆ) ಯಾಕ ಬರದ್ರಿ?

ಮೇಸನ್, ಗೆರಿ, ರ‍್ಯಾಂಡಾಲ್ಫ್ ಸಭಾದಾಗ ಇದ್ದೂ ಸಹಿ ಹಾಕಲಿಲ್ಲ. ಮ್ಯಾಸಚೂಸೆಟ್ಸ್ ಒಂದು ನಡುದಾರಿ ಹುಡುಕಿತು: ಈಗ ಒಪ್ಪೋದು, ಜೋಡಿ ತಿದ್ದುಪಡಿ ಶಿಫಾರಸು ಕಳಿಸೋದು. 187–168ರಾಗ ಪಾಸ್. ಮುಂದಿನ ರಾಜ್ಯಗಳು ಅದನ್ನೇ ಹಿಡದ್ವು. ಮ್ಯಾಡಿಸನ್ 1789ರ ಜೂನ್ 8ಕ್ಕ ಹಕ್ಕುಗಳ ತಿದ್ದುಪಡಿಗಳನ್ನ ಮಂಡಿಸಿದ್ರು, ಪ್ರತಿನಿಧಿ ಸಭೆ 17 ಮಾಡಿತು, ಸೆನೆಟ್ 12ಕ್ಕ ಇಳಿಸಿತು, 1791ರ ಡಿಸೆಂಬರ್ 15ಕ್ಕ 10 ಗಟ್ಟಿಯಾದ್ವು. ಸೆನೆಟ್ ತಗದು ಹಾಕಿದ್ದರಾಗ ರಾಜ್ಯ ಸರ್ಕಾರಗಳೂ ಪತ್ರಿಕಾ ಸ್ವಾತಂತ್ರ್ಯ, ಜ್ಯೂರಿ ವಿಚಾರಣೆ ಮುಟ್ಟಬಾರದು ಅನ್ನೋ ಮಾತು ಇತ್ತು. ಮ್ಯಾಡಿಸನ್‌ಗ ಎಲ್ಲಕ್ಕಿಂತ ಬೇಕಾಗಿದ್ದದ್ದು ಅದು. ಅದರ ಬೆಲೆ 1833ರಾಗ ಕಂಡಿತು: ಈ ಹಕ್ಕು ಒಕ್ಕೂಟ ಸರ್ಕಾರದ ವಿರುದ್ಧ ಮಾತ್ರ ಅಂತ ಬ್ಯಾರನ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳಿತು. ಅಂತರ್ಯುದ್ಧ ಮುಗಿದು 1868ರ 14ನೇ ತಿದ್ದುಪಡಿ ಬರಬೇಕಾತು, ಅದರ ಮ್ಯಾಲೆ 20ನೇ ಶತಮಾನದ ತೀರ್ಪುಗಳು ಒಂದೊಂದಾಗಿ ಹಕ್ಕುಗಳನ್ನ ರಾಜ್ಯಗಳ ಮ್ಯಾಲೂ ಹೊರಿಸಿದ್ವು.

ನೇತ್ರಾವತಿ ದಂಡೆ

14ನೇ ತಿದ್ದುಪಡಿ ಎಂದಾಗ ನಮ್ಮ ಕಡೆಯ ಒಂದು ಕೊಂಡಿ ಸೇರಿಸುತ್ತೇನೆ. ಅದರಲ್ಲೂ 5ನೇ ತಿದ್ದುಪಡಿಯಲ್ಲೂ ಇರುವ ‘ಡ್ಯೂ ಪ್ರೋಸೆಸ್’ (ತಕ್ಕ ನ್ಯಾಯಪ್ರಕ್ರಿಯೆ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯಬಾರದು) ಎಂಬ ಮಾತು ಭಾರತದ ಕರಡಿನಲ್ಲೂ ಇತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿದರು. ‘ಡ್ಯೂ ಪ್ರೋಸೆಸ್’ ಮಾತಿನಿಂದ ನ್ಯಾಯಾಧೀಶರಿಗೆ ಶಾಸಕಾಂಗದ ನೀತಿಯನ್ನೇ ಹೊಡೆದುಹಾಕುವ ಬಲ ಬರುತ್ತದೆ, ಅದು ಪ್ರಜಾಪ್ರಭುತ್ವಕ್ಕೆ ಒಗ್ಗದು ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅದೇ ಮಾತನ್ನು ಹಿಡಿದು ಅಮೆರಿಕದ ಕೋರ್ಟು ಕೆಲಸದ ಅವಧಿ, ಕನಿಷ್ಠ ಕೂಲಿಯ ಕಾನೂನುಗಳನ್ನು ಬೀಳಿಸಿತ್ತು. ಹಾಗಾಗಿ ನಮ್ಮ 21ನೇ ವಿಧಿಯಲ್ಲಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಬಂತು. 1978ರ ಮೇನಕಾ ಗಾಂಧಿ ತೀರ್ಪು ಆ ಕಾರ್ಯವಿಧಾನ ನ್ಯಾಯಯುತವೂ ಇರಬೇಕು ಎಂದದ್ದರಿಂದ ಬಿಟ್ಟದ್ದರಲ್ಲಿ ಬಹುಪಾಲು ಹಿಂಬಾಗಿಲಿನಿಂದ ಒಳಗೆ ಬಂತು ಅನ್ನಿ.

ತುಂಗಾತೀರ

ತಿದ್ದುಪಡಿಯ ಪ್ರಾಯೋಗಿಕ ಲೆಕ್ಕ ಯಾರಾದರೂ ಹೇಳಿ. ನಮ್ಮಲ್ಲಿ ನೂರು ದಾಟಿವೆ, ಅಲ್ಲಿ 27 ಮಾತ್ರ.

ಹಳೆಕಡತ

ಎರಡೂ ಸದನಗಳಲ್ಲಿ ಮತ ಹಾಕಿದವರ ಮೂರನೇ ಎರಡು. ಎಲ್ಲರೂ ಹಾಜರಿದ್ದರೆ ಪ್ರತಿನಿಧಿ ಸಭೆಯ 435ರಲ್ಲಿ 290, ಸೆನೆಟ್‌ನ ನೂರರಲ್ಲಿ 67. ಅಧ್ಯಕ್ಷರ ಸಹಿ ಬೇಡ, 1798ರಲ್ಲೇ ಕೋರ್ಟು ತೀರ್ಮಾನಿಸಿದ ವಿಷಯ ಇದು. ಆಮೇಲೆ ನಾಲ್ಕನೇ ಮೂರು ರಾಜ್ಯಗಳು, ಅಂದರೆ 50ರಲ್ಲಿ 38. ಹದಿಮೂರು ರಾಜ್ಯ ಸುಮ್ಮನೆ ಕೂತರೆ ಸಾಕು, ತಿದ್ದುಪಡಿ ಸತ್ತಂತೆ. ರಾಜ್ಯಗಳ ಒಪ್ಪಿಗೆಗೆ ಶಾಸನಸಭೆ ಅಥವಾ ಸಮಾವೇಶ, ಯಾವುದೆಂದು ಕಾಂಗ್ರೆಸ್ ಹೇಳುತ್ತದೆ. ಸಮಾವೇಶದ ದಾರಿ ಹಿಡಿದದ್ದು ಒಂದೇ ಸಲ, ಪಾನನಿಷೇಧ ರದ್ದು ಮಾಡಿದ 1933ರ 21ನೇ ತಿದ್ದುಪಡಿಗೆ. ಗಡುವು ಹಾಕದಿದ್ದರೆ ಪ್ರಸ್ತಾಪ ಸಾಯುವುದಿಲ್ಲ. 1789ರ ಹನ್ನೆರಡರಲ್ಲಿ ಉಳಿದುಹೋದ, ಕಾಂಗ್ರೆಸ್ ಸದಸ್ಯರ ಸಂಬಳದ ಪ್ರಸ್ತಾಪ 1992ರಲ್ಲಿ 27ನೇ ತಿದ್ದುಪಡಿಯಾಗಿ ಜಾರಿಗೆ ಬಂತು.

ಮಸಿದೌತಿ

38 ರಾಜ್ಯ ಒಪ್ಪಿದರೂ ಆಗದ ಒಂದು ಇದೆ: ಯಾವ ರಾಜ್ಯದ ಸೆನೆಟ್ ಸಮಾನತೆಯನ್ನೂ ಆ ರಾಜ್ಯದ ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳುವಂತಿಲ್ಲ. 2020ರ ಗಣತಿಯಲ್ಲಿ ವಯೋಮಿಂಗ್‌ನಲ್ಲಿ 5.77 ಲಕ್ಷ ಜನ, ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ. ಇಬ್ಬರಿಗೂ ಎರಡೇ ಸೆನೆಟರ್.

ಕಿತ್ತೂರ ವಕೀಲ

ಮೊದಲು ಒಂದು ತಿದ್ದುಪಡಿಯಿಂದ ಆ ಷರತ್ತನ್ನ ತಗದು, ಇನ್ನೊಂದರಿಂದ ಸೀಟು ಬದಲಿಸಬಹುದು ಅನ್ನೋ ಪಂಡಿತರು ಅದಾರ. ಷರತ್ತು ತನ್ನನ್ನ ತಾನೇ ಕಾಪಾಡಿಕೊಳ್ತದ ಅಂತ 5ನೇ ವಿಧಿಯಾಗ ಬರದಿಲ್ಲ ಅನ್ನೋದು ಅವರ ಆಧಾರ. ನಮ್ಮಲ್ಲಿ ಆಗಿದ್ರ ಸಂವಿಧಾನದ ಮೂಲ ಸ್ವರೂಪ ತಿದ್ದುಪಡಿಯಿಂದ ಕೆಡಿಸಂಗಿಲ್ಲ ಅಂತ ಕೋರ್ಟು ತಡೀತಿತ್ತು, ಹಂಗಂದ 1973ರ ತೀರ್ಪು ತಂದದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಕೇಸು. ಅಮೆರಿಕದ ಸುಪ್ರೀಂ ಕೋರ್ಟ್ ಅಂಥ ಸಿದ್ಧಾಂತ ಒಪ್ಪಿಲ್ಲ. ಆದ್ರ ಎರಡು ಹಂತಕ್ಕೂ 38 ರಾಜ್ಯ ಬೇಕು, ಸಣ್ಣ ರಾಜ್ಯಗಳು ತಮ್ಮ ಸೀಟು ತಾವೇ ಕೊಟ್ಟು ಕೂಡಂಗಿಲ್ರೀ.